ಮೀನು ಮೆಚ್ಚುವ ಹುಸಿಮೀನು

ಗಾಳ ಹಾಕಿ ಮೀನು ಹಿಡಿಯುವ ವಿದ್ಯೆ ಮಾನವನು ಕಲಿತ ಅತ್ಯಂತ ಹಳೆಯ ವಿದ್ಯೆಗಳಲ್ಲೊಂದು. ನಮ್ಮ ಹಳ್ಳಿಯ ಹುಡುಗರಿಗೆ ಅದಕ್ಕೆ ಬೇಕಾದ ಸಲಕರಣೆಗಳು ಕೆಲವೇ: ಒಂದು ಬಿದಿರುಕೋಲು, ಒಂದು ದಾರ, ಒಂದು ಗಾಳ, ಒದ್ದೆ ಮಣ್ಣಿನಿಂದ ಬಗೆದು ತೆಗೆದ ಎರೆಹುಳು. ಮೀನಿಗೆ ಒಡ್ಡುವ ಆಹಾರಕ್ಕೆ ಎರೆ ಎಂದು ಹೆಸರು. ಆ ಹುಳುವಿನ ಹೆಸರಿನಲ್ಲಿಯೇ ಈ ಮಾತು ಸೇರಿಕೊಂಡಿದೆ. ಆದರೆ ವಾಸನೆಯಿಲ್ಲದ, ರುಚಿಯಿಲ್ಲದ, ಜೀವವೂ ಇಲ್ಲದ ಪ್ಲಾಸ್ಟಿಕ್ಕಿನ ತುಂಡೊಂದನ್ನು ಒಡ್ಡಿ ಮೀನನ್ನು ಮೋಸಗೊಳಿಸಲು ಸಾಧ್ಯವೆ? ಉತ್ತರ ಅಮೆರಿಕದ ಸರೋವರಗಳಲ್ಲಿ ಬಾಸ್ ಎಂಬ ಮೀನಿನ ಬೆನ್ನು ಹತ್ತಿರುವ ಹವ್ಯಾಸಿಗಳು ಇದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದ್ದಾರೆ. ಅವರ ಪೆಟ್ಟಿಗೆಯಲ್ಲಿರುವ ಹಲವು ಬಗೆಯ ಕೃತಕ ಎರೆಗಳಲ್ಲಿ ಜರ್ಕ್‌ಬೈಟ್ ಎಂಬುದು ಒಂದು. ಸಣ್ಣ ಮೀನಿನ ಆಕಾರದ ತೆಳ್ಳನೆಯ ಉದ್ದ ಒಡಲು, ತಲೆಯ ಕೆಳಗೆ ಪಾರದರ್ಶಕವಾದ ಚಿಕ್ಕ ನಾಲಗೆ, ಹೊಟ್ಟೆಗೆ ಜೋತುಬಿದ್ದ ಎರಡು ಮೂರು ಮುಮ್ಮೊನೆಯ ಗಾಳಗಳು—ಇದೇ ಅದರ ರೂಪ. ಗಾಳಕೋಲನ್ನು ಮೆಲ್ಲನೆ ಎಳೆಯದೆ ಥಟ್ಟನೆ ಜಗ್ಗಿ ಆಡಿಸುವುದರಿಂದ ಅದಕ್ಕೆ ಆ ಹೆಸರು ಬಂದಿತು. ನಾವು ಅದನ್ನು ಹುಸಿಮೀನು ಎಂದು ಕರೆಯೋಣ.

ಅಂಗಡಿಯಲ್ಲಿ ಇಂತಹ ಹುಸಿಮೀನುಗಳು ಸಾಲುಸಾಲಾಗಿ, ಬಣ್ಣಬಣ್ಣವಾಗಿ ತೂಗುತ್ತಿರುತ್ತವೆ. ಯಾವುದನ್ನು ಆರಿಸಬೇಕು? ಕಣ್ಣಿಗೆ ಚೆಲುವಾದುದನ್ನು ಎಂದರೆ ಹಣವೂ ಹೋಯಿತು, ದಿನವೂ ಹೋಯಿತು. ಕೊಳ್ಳುವವನು ಮನುಷ್ಯನಾದರೂ ಮೆಚ್ಚಬೇಕಾದುದು ಮೀನು. ಆದ್ದರಿಂದ ಆಯ್ಕೆ ಆರಂಭವಾಗಬೇಕಾದುದು ಅಂಗಡಿಯಲ್ಲಲ್ಲ, ನೀರಿನಲ್ಲಿ.

ಹೊಂಚುವ ಬೇಟೆಗಾರ

ಬಾಸ್ ಮೀನು ನಮ್ಮ ನಾಡಿನ ಹೊಳೆ-ಕೆರೆಗಳ ಸಹಜವಾಸಿಯಲ್ಲ. ಅದರ ತವರು ಉತ್ತರ ಅಮೆರಿಕ. ಅದರಲ್ಲಿ ದೊಡ್ಡಬಾಯಿಯದು, ಸಣ್ಣಬಾಯಿಯದು ಎಂಬ ಎರಡು ಜಾತಿಗಳು ಹೆಸರಾಗಿವೆ. ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣನ್ನು ದಾಟಿ ಹಿಂದಕ್ಕೆ ಚಾಚಿದ್ದರೆ ಅದು ದೊಡ್ಡಬಾಯಿ. ದೊಡ್ಡಬಾಯಿಗೆ ಜೊಂಡು ಬೆಳೆದ ನಿಂತ ನೀರು ಪ್ರಿಯ. ಸಣ್ಣಬಾಯಿಗೆ ತಂಪಾದ, ತಿಳಿಯಾದ, ಕಲ್ಲುಬಂಡೆಗಳ ನೀರು ಪ್ರಿಯ. ಎರಡೂ ಮಾಂಸಾಹಾರಿಗಳು. ಮರೆಯಲ್ಲಿ ಹೊಂಚಿ, ಬೇಟೆ ಹತ್ತಿರ ಬಂದೊಡನೆ ಬಾಯಿಯನ್ನು ಅಗಲವಾಗಿ ತೆರೆಯುತ್ತವೆ. ಒಳನುಗ್ಗುವ ನೀರಿನೊಡನೆ ಬೇಟೆಯೂ ಒಳಗೆ ಸೇರುತ್ತದೆ. ಇದೆಲ್ಲ ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ.

ಬಾಸ್ ಶೀತರಕ್ತ ಪ್ರಾಣಿ ಎಂಬುದನ್ನು ಇಲ್ಲಿ ಮರೆಯಬಾರದು. ನೀರು ತಣ್ಣಗಾದಂತೆ ಅದರ ಒಡಲೂ ತಣ್ಣಗಾಗುತ್ತದೆ. ತಿಂದುದು ನಿಧಾನವಾಗಿ ಜೀರ್ಣವಾಗುತ್ತದೆ, ಚಲನೆ ಮಂದವಾಗುತ್ತದೆ. ಚಳಿಗಾಲದ ಬಾಸ್ ವೇಗವಾಗಿ ಓಡುವ ಬೇಟೆಯನ್ನು ಬೆನ್ನಟ್ಟಿ ಶಕ್ತಿಯನ್ನು ವ್ಯಯಮಾಡದು. ಅದಕ್ಕೆ ಬೇಕಾದುದು ಓಡಲಾರದ ಬೇಟೆ.

ಅಂತಹ ಬೇಟೆಯನ್ನು ಪ್ರಕೃತಿಯೇ ಒದಗಿಸುತ್ತದೆ. ಅಮೆರಿಕದ ದಕ್ಷಿಣ ಭಾಗದ ಜಲಾಶಯಗಳಲ್ಲಿ ಶ್ಯಾಡ್ ಎಂಬ ಬೆಳ್ಳಿಬಣ್ಣದ ಸಣ್ಣ ಮೀನುಂಟು; ನಮ್ಮ ಕರಾವಳಿಯ ಬೂತಾಯಿಗೆ ದೂರದ ನೆಂಟ. ಅದರ ಒಂದು ಜಾತಿ ಚಳಿಯನ್ನು ಸಹಿಸದು. ನೀರಿನ ಉಷ್ಣತೆ 7 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಇಳಿದರೆ ತತ್ತರಿಸುತ್ತದೆ; ಇನ್ನೂ ಇಳಿದರೆ ಗುಂಪುಗುಂಪಾಗಿ ಸಾಯುತ್ತದೆ. ಸಾಯುವ ಮೀನು ಒಮ್ಮೆ ಹೊರಳಿ, ಒಮ್ಮೆ ಚಿಮ್ಮಿ, ಆಮೇಲೆ ಕದಲದೆ ನೀರಿನ ನಡುವೆ ನಿಲ್ಲುತ್ತದೆ. ಹುಸಿಮೀನು ನಟಿಸಬೇಕಾದ ಪಾತ್ರ ಇದೇ.

ಬೆಂಡು, ಬೇಗಡೆ, ಚಮ್ಮಾರನ ಕತ್ತಿ

ಈ ಗುಟ್ಟನ್ನು ಚೆನ್ನಾಗಿ ಅರಿತು ಎರೆ ಮಾಡಿದವನು ಅಮೆರಿಕದವನಲ್ಲ. ಫಿನ್‌ಲೆಂಡಿನ ಬಡ ಬೆಸ್ತ ಲೌರಿ ರಾಪಾಲ. ಪೈಯನ್ನೆ ಸರೋವರದಲ್ಲಿ ದೋಣಿ ನಡೆಸುತ್ತ ಅವನೊಂದು ಸಂಗತಿಯನ್ನು ಗಮನಿಸಿದನು. ಬೇಟೆಮೀನು ಸಣ್ಣ ಮೀನುಗಳ ಹಿಂಡಿನೊಳಗೆ ನುಗ್ಗಿದಾಗ ಕೈಗೆ ಸಿಕ್ಕಿದುದನ್ನೆಲ್ಲ ತಿನ್ನುವುದಿಲ್ಲ. ಗಾಯಗೊಂಡು ಓರೆಯಾಗಿ ತಡವರಿಸುತ್ತ ಈಜುವ ಒಂದನ್ನು ಆರಿಸಿಕೊಳ್ಳುತ್ತದೆ. ಅಂತಹ ನಡೆಯನ್ನು ಕೃತಕವಾಗಿ ಉಂಟುಮಾಡಬಾರದೇಕೆ? 1936ರಲ್ಲಿ ಚಮ್ಮಾರರ ಕತ್ತಿಯಿಂದ ಬೆಂಡನ್ನು ಕೆತ್ತಿ, ಉಪ್ಪುಕಾಗದದಿಂದ ನುಣುಪುಮಾಡಿ, ಚಾಕೊಲೇಟಿಗೆ ಸುತ್ತುವ ಬೇಗಡೆಯನ್ನು ಹೊದಿಸಿ, ಛಾಯಾಚಿತ್ರದ ಹಳೆಯ ಫಿಲ್ಮುಗಳನ್ನು ಕರಗಿಸಿ ಬಳಿದು ಅವನು ತನ್ನ ಹುಸಿಮೀನನ್ನು ಸಿದ್ಧಗೊಳಿಸಿದನು. ಮುಂದೆ ಬೆಂಡಿನ ಸ್ಥಾನಕ್ಕೆ ಹಗುರವಾದ ಬಾಲ್ಸಾ ಮರ ಬಂದಿತು. 1962ರ ಆಗಸ್ಟಿನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಈ ಹುಸಿಮೀನನ್ನು ಕುರಿತು ಲೇಖನ ಪ್ರಕಟಿಸಿತು. ಅದೇ ಸಂಚಿಕೆಯ ಮುಖಪುಟದಲ್ಲಿ ಆ ತಿಂಗಳೇ ತೀರಿಕೊಂಡಿದ್ದ ನಟಿ ಮ್ಯಾರಿಲಿನ್ ಮನ್ರೋ ಅವರ ಚಿತ್ರವಿತ್ತು. ಪತ್ರಿಕೆ ಮನೆಮನೆಗೂ ತಲಪಿತು. ಬೆಂಡಿನ ಮೀನಿನ ಮಗುವಿಗೆ ಖಂಡಾಂತರ ಖ್ಯಾತಿ ಬಂದಿತು.

ತೇಲುವುದು, ಮುಳುಗುವುದು, ನಿಲ್ಲುವುದು

ರಾಪಾಲನ ಹುಸಿಮೀನು ತೇಲುವಂತಹುದು. ಎಳೆದಾಗ ನೀರೊಳಗೆ ಧುಮುಕುತ್ತದೆ, ಬಿಟ್ಟಾಗ ಮೇಲೇಳುತ್ತದೆ. ಸಾಯುತ್ತಿರುವ ಶ್ಯಾಡ್ ಮೀನಿನಂತೆ ನಡುನೀರಿನಲ್ಲಿ ನಿಲ್ಲುವುದು ಅದಕ್ಕೆ ಬಾರದು. ಇಲ್ಲಿ ಆರ್ಕಿಮಿಡೀಸನ ತತ್ತ್ವವನ್ನು ನೆನೆಯಬೇಕು. ನೀರಿನಲ್ಲಿ ಮುಳುಗಿದ ವಸ್ತುವನ್ನು, ಅದು ಸ್ಥಾನಪಲ್ಲಟಗೊಳಿಸಿದ ನೀರಿನ ತೂಕಕ್ಕೆ ಸಮನಾದ ಬಲವು ಮೇಲಕ್ಕೆ ನೂಕುತ್ತದೆ. ವಸ್ತುವಿನ ತೂಕ ಅದಕ್ಕಿಂತ ಕಡಿಮೆಯಿದ್ದರೆ ತೇಲುತ್ತದೆ, ಹೆಚ್ಚಿದ್ದರೆ ಮುಳುಗುತ್ತದೆ, ಎರಡೂ ಸಮವಾಗಿದ್ದರೆ ಇದ್ದಲ್ಲಿಯೇ ನಿಲ್ಲುತ್ತದೆ. 14 ಗ್ರಾಂ ತೂಕದ ಹುಸಿಮೀನು ನಿಲ್ಲಬೇಕಾದರೆ ಅದರ ಗಾತ್ರ ಸುಮಾರು 14 ಘನ ಸೆಂಟಿಮೀಟರಿರಬೇಕು.

ಮಿಸೂರಿ ಮತ್ತು ಅರ್ಕನ್ಸಾ ರಾಜ್ಯಗಳ ಗಡಿಯಲ್ಲಿ, 1958ರಲ್ಲಿ ಕಟ್ಟಿ ಮುಗಿಸಿದ ಟೇಬಲ್ ರಾಕ್ ಅಣೆಕಟ್ಟಿನ ಹಿಂದೆ ತಿಳಿನೀರಿನ ದೊಡ್ಡ ಜಲಾಶಯವಿದೆ. ಆ ಪ್ರಾಂತದ ಗಾಳಗಾರರು ತೇಲುವ ಹುಸಿಮೀನಿಗೆ ರಂಧ್ರ ಕೊರೆದು ಸೀಸ ತುಂಬಿದರು. ಗಾಳಕ್ಕೆ ಸೀಸದ ತಂತಿ ಸುತ್ತಿದರು. ಅದು ನೀರಿನ ನಡುವೆ ನಿಲ್ಲುವವರೆಗೂ ತೂಕವನ್ನು ತಿದ್ದಿದರು. ಕೈಕೆಲಸದಿಂದ ಕಂಡುಕೊಂಡ ಈ ಉಪಾಯವನ್ನು ಕಾರ್ಖಾನೆಗಳು ಆಮೇಲೆ ಕೈಗೊಂಡವು. ಇಂದು ನಿಲ್ಲುವ ಹುಸಿಮೀನು ಸಿದ್ಧವಾಗಿಯೇ ದೊರೆಯುತ್ತದೆ.

ಆದರೆ ಈ ಸಮತೂಕ ಬಲು ನವುರಾದುದು. ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಗರಿಷ್ಠ. ಉಷ್ಣತೆ ಏರಿದಂತೆ ಕುಗ್ಗುತ್ತದೆ. 5 ಡಿಗ್ರಿಯ ನೀರಿಗೂ 15 ಡಿಗ್ರಿಯ ನೀರಿಗೂ ಇರುವ ವ್ಯತ್ಯಾಸದಿಂದ 14 ಗ್ರಾಂ ಹುಸಿಮೀನಿನ ಮೇಲಿನ ನೂಕುಬಲ ಸುಮಾರು 12 ಮಿಲಿಗ್ರಾಂ ತೂಕದಷ್ಟು ಬದಲಾಗುತ್ತದೆ. ಇತ್ತ ಪ್ಲಾಸ್ಟಿಕ್ಕಿನ ಒಡಲೂ ಚಳಿಗೆ ಕುಗ್ಗಿ, ಬಿಸಿಗೆ ಹಿಗ್ಗಿ, ಆ ವ್ಯತ್ಯಾಸಕ್ಕೆ ಎದುರಾಗಿ ಕೆಲಸಮಾಡುತ್ತದೆ. ಗಾಳ ಬದಲಿಸಿದರೂ ಸರಿ, ದಾರ ಬದಲಿಸಿದರೂ ಸರಿ, ತಕ್ಕಡಿ ವಾಲುತ್ತದೆ. ಆದ್ದರಿಂದ ಡಬ್ಬಿಯ ಮೇಲಿನ ಬರಹವನ್ನು ನಂಬಿ ಕೂರದೆ, ದಡದ ಬಳಿ ನೀರಿಗೆ ಬಿಟ್ಟು ನೋಡುವುದೇ ಲೇಸು. ಮೆಲ್ಲನೆ ಏರಿದರೆ ಅಂಟುವ ಸೀಸದ ಚೂರೊಂದನ್ನು ಹೊಟ್ಟೆಗೆ ಹಚ್ಚಬೇಕು.

ನಾಲಗೆ ಮತ್ತು ದಾರ

ಎಷ್ಟು ಆಳಕ್ಕೆ ಹೋಗಬೇಕೆಂಬುದನ್ನು ನಿರ್ಧರಿಸುವುದು ತಲೆಯ ಕೆಳಗಿನ ನಾಲಗೆ. ಎಳೆದಾಗ ನೀರು ಈ ಓರೆ ಹಾಳೆಯನ್ನು ಒತ್ತಿ ತಲೆಯನ್ನು ಕೆಳಕ್ಕೆ ತಳ್ಳುತ್ತದೆ. ನಾಲಗೆ ಚಿಕ್ಕದಾಗಿ ಕೆಳಮುಖವಾಗಿದ್ದರೆ ಹುಸಿಮೀನು ಮೇಲುನೀರಿನಲ್ಲಿಯೇ ಓಡುತ್ತದೆ. ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಇಳಿಯುತ್ತದೆ. ದಾರದ ಪಾತ್ರವೂ ಸಣ್ಣದಲ್ಲ. ನೈಲಾನಿನ ಸಾಂದ್ರತೆ ನೀರಿಗಿಂತ ತುಸುವೇ ಹೆಚ್ಚು, ಸುಮಾರು 1.14, ಫ್ಲೂರೊಕಾರ್ಬನ್ ದಾರದ್ದು ಸುಮಾರು 1.78, ಆದ್ದರಿಂದ ಅದು ಮುಳುಗಿ ಹುಸಿಮೀನನ್ನೂ ಕೆಳಗೆಳೆಯುತ್ತದೆ. ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರವಾದರೋ ತೇಲುತ್ತದೆ. ದಪ್ಪ ದಾರವನ್ನು ನೀರು ಹೆಚ್ಚು ತಡೆಯುವುದರಿಂದ ಆಳ ಕಡಿಮೆಯಾಗುತ್ತದೆ.

ಜಗ್ಗುವ ರೀತಿಯಲ್ಲಿಯೂ ಒಂದು ಮರ್ಮವುಂಟು. ದಾರ ಬಿಗಿಯಾಗಿದ್ದಾಗ ಜಗ್ಗಿದರೆ ಹುಸಿಮೀನು ನೆಟ್ಟಗೆ ನಮ್ಮ ಕಡೆಗೆ ಬರುತ್ತದೆ. ದಾರ ಸಡಿಲವಿದ್ದಾಗ ಥಟ್ಟನೆ ಜಗ್ಗಿ ಕೂಡಲೇ ಸಡಿಲ ಬಿಟ್ಟರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುತ್ತದೆ. ಎರಡು ಮೂರು ಬಾರಿ ಜಗ್ಗಿದ ಮೇಲೆ ಕಾಯಬೇಕು. ಬೆಚ್ಚನೆಯ ನೀರಿನಲ್ಲಿ ಒಂದೆರಡು ಸೆಕೆಂಡು ಸಾಕು; ಕೊರೆಯುವ ನೀರಿನಲ್ಲಿ 10 ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ. ಬಾಸ್ ಬಾಯಿ ಹಾಕುವುದು ಹೆಚ್ಚಾಗಿ ಈ ಮೌನದ ಗಳಿಗೆಯಲ್ಲಿಯೇ.

ಬಣ್ಣ ಯಾರಿಗಾಗಿ?

ಬಾಸ್ ಮೀನಿನ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಎರಡೇ ಬಗೆಯವು; ಒಂದು ಹಸುರಿಗೆ, ಇನ್ನೊಂದು ಕೆಂಪಿಗೆ ಹೆಚ್ಚು ಸ್ಪಂದಿಸುತ್ತದೆ. ನಮಗಾದರೋ ಮೂರು ಬಗೆ. 2019ರಲ್ಲಿ ಪ್ರಕಟವಾದ, ಇಲಿನಾಯ್ ವಿಶ್ವವಿದ್ಯಾನಿಲಯದ ಸಂಶೋಧಕರ ಪ್ರಯೋಗವೊಂದರಲ್ಲಿ ದೊಡ್ಡಬಾಯಿ ಬಾಸ್‌ಗಳಿಗೆ ಬಣ್ಣ ಗುರುತಿಸುವ ತರಬೇತಿ ಕೊಡಲಾಯಿತು. ಅವು ಕೆಂಪನ್ನೂ ಹಸುರನ್ನೂ ಚೆನ್ನಾಗಿ ಗುರುತಿಸಿದವು. ಆದರೆ ಹಸುರುಮಿಶ್ರಿತ ಹೊಳಪು ಹಳದಿಯನ್ನು ಬಿಳಿಯಿಂದಲೂ, ನೀಲಿಯನ್ನು ಕಪ್ಪಿನಿಂದಲೂ ಬೇರ್ಪಡಿಸಲಾರದೆ ಹೋದವು. ಹಾಗಾದರೆ ಅಂಗಡಿಯ ನಲವತ್ತು ಬಣ್ಣಗಳಲ್ಲಿ ಎಷ್ಟು ಮೀನಿಗಾಗಿ, ಎಷ್ಟು ಗಿರಾಕಿಗಾಗಿ ಎಂದು ಓದುಗರೇ ಊಹಿಸಬಹುದು.

ಬಣ್ಣದ ಆಯ್ಕೆಯನ್ನು ಎರಡು ಮಾತುಗಳಲ್ಲಿ ಮುಗಿಸಬಹುದು. ತಿಳಿನೀರಿನಲ್ಲಿ ಮೀನಿಗೆ ದೂರದಿಂದ ನೋಡಿ ಪರೀಕ್ಷಿಸಲು ಅವಕಾಶವಿರುವುದರಿಂದ, ಅಲ್ಲಿನ ಸಣ್ಣ ಮೀನನ್ನೇ ಹೋಲುವ, ಅರೆಪಾರದರ್ಶಕವಾದ ಮಂಕು ಬೆಳ್ಳಿಬಣ್ಣ. ಕದಡಿದ ನೀರಿನಲ್ಲಿ ಹಿನ್ನೆಲೆಯಿಂದ ಎದ್ದು ಕಾಣುವ ಹೊಳಪು ಬಣ್ಣ. ನೀರು ಬಹಳ ಕದಡಿದ್ದರೆ ಕಣ್ಣಿಗಿಂತ ಪಾರ್ಶ್ವರೇಖೆಯೇ ಮುಖ್ಯ. ಮೀನಿನ ಎರಡು ಬದಿಗಳಲ್ಲಿ ಸಾಗುವ ಈ ಇಂದ್ರಿಯ ಸಮೀಪದ ನೀರಿನ ಅಲುಗಾಟವನ್ನು ಅರಿಯುತ್ತದೆ. ಅಂತಹ ಕಡೆ ಒಳಗೆ ಗುಂಡುಗಳಿದ್ದು ಸದ್ದುಮಾಡುವ, ಒಡಲನ್ನು ಅಗಲವಾಗಿ ಓಲಾಡಿಸುವ ಹುಸಿಮೀನು ಮೇಲು.

ಮೆಚ್ಚಿನ ನಾಲ್ಕು

ಇಷ್ಟನ್ನು ತಿಳಿದ ಮೇಲೆ ನಾವು ನಾಲ್ಕನ್ನು ಆರಿಸೋಣ. ಮೊದಲನೆಯದು ರಾಪಾಲನ ತೇಲುವ ಬಾಲ್ಸಾ ಮೀನು. ಬೇಸಗೆಯ ಆರಂಭದಲ್ಲಿ, ಆಳವಿಲ್ಲದ ಜೊಂಡಿನ ನೀರಿನಲ್ಲಿ ಅದರ ಮೇಲೇಳುವ ಗುಣವೇ ವರ. 11 ಸೆಂಟಿಮೀಟರ್ ಉದ್ದದ ಅದರ ತೂಕ ಕೇವಲ 6 ಗ್ರಾಂ; ಗಾಳಿಗೆ ಎದುರಾಗಿ ಎಸೆಯುವುದು ಕಷ್ಟ. ಎರಡನೆಯದು ಲೂಸಿಯಾನದಲ್ಲಿ ಹುಟ್ಟಿದ ಸ್ಮಿತ್‌ವಿಕ್ ರೋಗ್. ಬೆಲೆ ಹೆಚ್ಚಲ್ಲ, ಒಳಗುಂಡುಗಳ ಸದ್ದು ಜೋರು. ತುಸು ಕದಡಿದ ನೀರಿಗೆ, ಸೀಸ ಹಚ್ಚಿ ಪ್ರಯೋಗ ಮಾಡುವ ವಿದ್ಯಾರ್ಥಿಗೆ ತಕ್ಕುದು. ಮೂರನೆಯದು ಜಪಾನಿನ ಲಕ್ಕಿ ಕ್ರಾಫ್ಟ್ ಸಂಸ್ಥೆಯ ಪಾಯಿಂಟರ್. ಸ್ವಲ್ಪ ಜಗ್ಗಿದರೂ ಅಗಲವಾಗಿ ಜಾರಿ ನಿಲ್ಲುವುದು ಅದರ ಗುಣ. ನಾಲ್ಕನೆಯದು ಯೂಕಿ ಇಟೊ ರೂಪಿಸಿದ ಮೆಗಾಬಾಸ್ ವಿಷನ್ 110. ರಾಪಾಲನದರಷ್ಟೇ ಉದ್ದವಾದರೂ ಇದರ ತೂಕ 14 ಗ್ರಾಂ. ಎಸೆಯುವಾಗ ಒಳಗಿನ ಲೋಹದ ಗುಂಡುಗಳು ಬಾಲಕ್ಕೆ ಸರಿದು ದೂರ ಹಾರಿಸುತ್ತವೆ. ಎಳೆಯುವಾಗ ಮುಂದಕ್ಕೆ ಬಂದು ಒಡಲನ್ನು ಸಮಸ್ಥಿತಿಗೆ ತರುತ್ತವೆ. ತಣ್ಣನೆಯ ತಿಳಿನೀರಿಗೆ ಇದು. ಬೆಲೆ ಮಾತ್ರ ದುಬಾರಿ. ಒಂದನ್ನೇ ಕೊಳ್ಳುವ ಶಕ್ತಿಯಿರುವವನು ತನ್ನ ಸರೋವರದ ಬಹುಪಾಲು ದಿನಗಳಿಗೆ ಹೊಂದುವುದನ್ನು ಕೊಳ್ಳಲಿ.

ಹಿಡಿದ ಮೇಲೆ

ಕೊನೆಯದಾಗಿ ಒಂದು ಗಂಭೀರ ವಿಚಾರ. ಅಮೆರಿಕದಲ್ಲಿ ಅನೇಕರು ಹಿಡಿದ ಬಾಸನ್ನು ಮರಳಿ ನೀರಿಗೆ ಬಿಡುತ್ತಾರೆ. ಆದರೆ ಮೂರು ಮುಮ್ಮೊನೆಗಾಳಗಳೆಂದರೆ ಒಂಬತ್ತು ಮೊನೆಗಳು. ಕಿವಿರಿಗೋ ಕಣ್ಣಿಗೋ ಚುಚ್ಚಿದರೆ ಬಿಟ್ಟ ಮೀನು ಬದುಕುವುದು ಸಂದೇಹ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿದರೆ ಬಿಡಿಸುವುದು ಸುಲಭ, ಗಾಯವೂ ಸಣ್ಣದು. ಹೀಗೆ ಮಾಡಿದರೆ ಒಂದೆರಡು ಮೀನು ತಪ್ಪಿಸಿಕೊಳ್ಳಬಹುದು. ಹೋಗಲಿ.

ಜಪಾನಿನಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಉತ್ತಮ ಹುಸಿಮೀನುಗಳನ್ನು ಮಾಡುವ ಆ ದೇಶಕ್ಕೆ ಬಾಸ್ ಪರದೇಶಿ. 1925ರಲ್ಲಿ ಆಶಿ ಸರೋವರಕ್ಕೆ ತಂದು ಬಿಟ್ಟದ್ದು ಕ್ರಮೇಣ ದೇಶವನ್ನೆಲ್ಲ ಹಬ್ಬಿ ಸ್ಥಳೀಯ ಮೀನುಗಳಿಗೆ ಕಂಟಕವಾಯಿತು. ಬಿವಾ ಸರೋವರದಲ್ಲಿ ಹಿಡಿದ ಬಾಸನ್ನು ಮರಳಿ ಬಿಡುವುದು 2003ರಿಂದ ನಿಷಿದ್ಧ. 2005ರಿಂದ ಅದನ್ನು ಜೀವಂತ ಸಾಗಿಸುವುದಕ್ಕೂ ಸಾಕುವುದಕ್ಕೂ ಕಾನೂನಿನ ನಿರ್ಬಂಧವುಂಟು. ಒಂದೇ ಮೀನು, ಒಂದು ನೀರಿನಲ್ಲಿ ಬಿಡುವುದು ಧರ್ಮ, ಇನ್ನೊಂದರಲ್ಲಿ ಬಿಡದಿರುವುದು ಧರ್ಮ. ಯಾವ ಹುಸಿಮೀನನ್ನು ಕಟ್ಟಬೇಕೆಂಬುದನ್ನು ನೀರೇ ತಿಳಿಸುವಂತೆ, ಹಿಡಿದ ಮೀನನ್ನು ಏನು ಮಾಡಬೇಕೆಂಬುದನ್ನೂ ನೀರೇ ತಿಳಿಸುತ್ತದೆ. ನೀರನ್ನು ಮೊದಲು ಓದಬೇಕು. ದಾರ ಬಿಡುವುದು ಆಮೇಲೆ.