ಬಿಸಿಲಿಗೆ ಸಿಗುವುದು ಸಿಪ್ಪೆ ಮಾತ್ರ

ಸ್ಕಾಟ್ಲೆಂಡಿನ ಟ್ವೀಡ್ ನದಿಗೆ 2011ರಲ್ಲಿ ಒಂದು ಸೇತುವೆ ಕಟ್ಟಿದರು. ಉದ್ದ 30 ಮೀಟರ್. ಬಳಸಿದ್ದು ಜನ ಎಸೆದ 50 ಟನ್ ಪ್ಲಾಸ್ಟಿಕ್. ಜೋಡಿಸಿ ನಿಲ್ಲಿಸಲು ಹಿಡಿದದ್ದು ನಾಲ್ಕೇ ದಿನ. 44 ಟನ್ನಿನ ವಾಹನವನ್ನು ಅದು ಹೊರಬಲ್ಲದು. ಅದಕ್ಕೂ ಎರಡು ವರ್ಷ ಮೊದಲು ಅಮೆರಿಕದ ಫೋರ್ಟ್ ಬ್ರಾಗ್ ಸೇನಾನೆಲೆಯಲ್ಲಿ ಇಂಥದೇ ಸೇತುವೆಯ ಮೇಲೆ 60 ಟನ್ನಿಗೂ ಹೆಚ್ಚು ತೂಗುವ ಏಬ್ರಮ್ಸ್ ಟ್ಯಾಂಕ್ ಹಾದುಹೋಗಿತ್ತು.

ಹಿತ್ತಲಲ್ಲಿ ಬಿದ್ದ ಪ್ಲಾಸ್ಟಿಕ್ ಕವರ್ ಒಂದೆರಡು ಬೇಸಿಗೆ ಕಳೆಯುವುದರೊಳಗೆ ಮುಟ್ಟಿದರೆ ಪುಡಿಯಾಗುತ್ತದೆ. ಹಾಗಾದರೆ ಸೇತುವೆ ಹೇಗೆ ನಿಂತಿದೆ?

ಮೊದಲು ಬಿಸಿಲಿನ ಬಲ ನೋಡಿ. ನಡುಹಗಲಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಬಂದು ಬಡಿಯುವ ಅತಿನೇರಳೆ ಫೋಟಾನುಗಳ ಸಂಖ್ಯೆ ಬರೆಯಲು 9ರ ಮುಂದೆ ಸುಮಾರು 19 ಸೊನ್ನೆ ಬೇಕು. ಪ್ಲಾಸ್ಟಿಕ್ಕಿನ ಇಂಗಾಲದ ಸರಪಳಿಯ ಒಂದು ಕೊಂಡಿ ಮುರಿಯಲು ಮೋಲಿಗೆ ಸುಮಾರು 350 ಕಿಲೋಜೂಲ್ ಸಾಕು. 300 ನ್ಯಾನೊಮೀಟರ್ ಅಲೆಯುದ್ದದ ಬೆಳಕು ತರುವುದು 400. ಶುದ್ಧ ಪಾಲಿಥೀನ್ ಈ ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ. ಆದರೆ ಒಮ್ಮೆ ಬಳಸಿ, ಕರಗಿಸಿ, ಮತ್ತೆ ಎರಕಹೊಯ್ದ ಪ್ಲಾಸ್ಟಿಕ್ಕಿನಲ್ಲಿ ಬೆಳಕು ಹೀರುವ ಕಲ್ಮಶ ಹೆಚ್ಚು. ಹೀಗಾಗಿ ಮರುಬಳಕೆಯ ಮಾಲಿಗೆ ಬಿಸಿಲಿನ ಕಾಟವೂ ಹೆಚ್ಚು.

ಅದನ್ನು ಉಳಿಸುವುದು ದಪ್ಪ. ಒಂದು ಲೀಟರ್ ಪ್ಲಾಸ್ಟಿಕ್ಕನ್ನು 50 ಮೈಕ್ರಾನ್ ಹಾಳೆ ಮಾಡಿದರೆ ಎರಡೂ ಮೈ ಸೇರಿ 40 ಚದರ ಮೀಟರ್ ಹರಡುತ್ತದೆ. ಅದನ್ನೇ ಎಲ್ಲ ಬದಿಯೂ 10 ಸೆಂಟಿಮೀಟರ್ ಇರುವ ಗಟ್ಟಿ ಮಾಡಿದರೆ ಹೊರಮೈ 0.06 ಚದರ ಮೀಟರ್. ಸುಮಾರು 670 ಪಟ್ಟು ವ್ಯತ್ಯಾಸ! ದಪ್ಪ ಹಲಗೆಯಲ್ಲಿ ಬಿಸಿಲು ಸವೆಸುವುದು ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದಕ್ಕಿಂತಲೂ ಕಡಿಮೆ. 50 ಮೈಕ್ರಾನ್ ಕವರಿಗೆ ಅಷ್ಟೇ ಸಾವು. 10 ಸೆಂಟಿಮೀಟರ್ ತೊಲೆಗೆ ಅದು ಲೆಕ್ಕಕ್ಕಿಲ್ಲ. ಜೊತೆಗೆ ನೂರಕ್ಕೆ ಎರಡು ಭಾಗ ಇಂಗಾಲದ ಕಪ್ಪು ಬೆರೆಸಿದರೆ ಬೆಳಕು ಒಳಗಿಳಿಯುವುದೇ ಕಷ್ಟ.

ಬಿಸಿಲಿಗಿಂತ ಹೆಚ್ಚು ಚಿಂತೆ ಕಾವಿನದು. 5 ಮೀಟರ್ ಪಾಲಿಥೀನ್ ಹಲಗೆ 30 ಡಿಗ್ರಿ ಬಿಸಿಯೇರಿದರೆ ಸುಮಾರು 20 ಮಿಲಿಮೀಟರ್ ಹಿಗ್ಗುತ್ತದೆ. ಉಕ್ಕು ಹಿಗ್ಗುವುದು 2 ಮಿಲಿಮೀಟರ್ ಕೂಡ ಅಲ್ಲ. ಗಾಜಿನ ನೂಲು ಬೆರೆಸುವುದು ಈ ಹಿಗ್ಗನ್ನು ಹಿಡಿದಿಡಲು, ಭಾರಕ್ಕೆ ನಿಧಾನವಾಗಿ ಜಗ್ಗುವುದನ್ನು ತಡೆಯಲು. ಮರದ ಹೊಟ್ಟು ಬೆರೆಸಿದರೂ ಬಿಗಿ ಬರುತ್ತದೆ, ಆದರೆ ಹೊಟ್ಟು ನೀರು ಕುಡಿದು ಉಬ್ಬುತ್ತದೆ.

ಉದ್ಯಾನದ ಬೆಂಚಿಗೋ ಬೇಲಿಯ ಕಂಬಕ್ಕೋ ಮರುಬಳಕೆಯ ಪ್ಲಾಸ್ಟಿಕ್ ಕೊಳ್ಳುವವರು ಮೂರು ಪ್ರಶ್ನೆ ಕೇಳಲಿ: ದಪ್ಪ ಎಷ್ಟು, ಕಪ್ಪು ಬೆರೆಸಿದೆಯೇ, ಹಿಗ್ಗಲು ಸಂದು ಬಿಟ್ಟಿದೆಯೇ? ಉತ್ತರ ಸಿಗದಿದ್ದರೆ ಕೊಳ್ಳುವುದು ಬೇಡ.