ಹಸಿರು ಹೆಚ್ಚಿತು, ಹುಲ್ಲು ಹೋಯಿತು

ಸಾಂಗಲಿ ಜಿಲ್ಲೆಯ ನಕಾಶೆಯ ಮೇಲೆ ಪಡುವಣದಿಂದ ಮೂಡಣಕ್ಕೆ ಬೆರಳಾಡಿಸಿದರೆ ಎರಡು ನಾಡುಗಳನ್ನು ದಾಟಿದಂತಾಗುತ್ತದೆ. ಪಡುವಣದಲ್ಲಿ, ಶಿರಾಳಾ ತಾಲೂಕಿನ ಅಂಚಿಗೆ, ಚಾಂದೋಲಿಯ ದಟ್ಟಡವಿ. ಅದು ೨೦೦೪ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ೨೦೧೦ರಲ್ಲಿ ಕೊಯ್ನಾ ಅಭಯಾರಣ್ಯದೊಡನೆ ಸೇರಿ ಹುಲಿಗಳ ರಕ್ಷಿತ ತಾಣವೆನಿಸಿತು. ಅಲ್ಲಿಂದ ಕೃಷ್ಣೆಯನ್ನು ದಾಟಿ, ಮಿರಜವನ್ನು ಹಿಂದಿಕ್ಕಿ, ಕವಠೆ ಮಹಾಂಕಾಳ, ಜತ್ತಗಳತ್ತ ಸಾಗಿದಂತೆ ಮಳೆ ಇಳಿಯುತ್ತ ವರ್ಷಕ್ಕೆ ೫೦೦ ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಕಲ್ಲು, ಕರಡ, ಜಾಲಿ, ತಂಗಡಿ, ನಡುನಡುವೆ ಬಿಳಿಜೋಳದ ಎರೆ ಹೊಲ: ಇದು ನಮ್ಮ ಮೂಡಲ ಸೀಮೆ. ದಫ್ತರಿನಲ್ಲಿ ಇಲ್ಲಿಯ ಹುಲ್ಲುನೆಲಕ್ಕೆ ಪಡೀಕವೆಂದು ಹೆಸರು, ಜನರ ಬಾಯಲ್ಲಿ ಬೀಳು. ಪಡುವಣದ ಅಡವಿಗೆ ಕಾವಲುಗಾರರಿದ್ದಾರೆ. ಈ ಬೀಳಿಗೆ ಹೇಳುವವರು ಕೇಳುವವರು ಇಲ್ಲ. ಓದುಗ ಬಂಧುಗಳೊಡನೆ ನಾವಿಂದು ಮಾತಾಡಬಯಸುವುದು ಈ ಅನಾಥ ನೆಲವನ್ನು ಕುರಿತು.

ಬೀಳೆಂದರೆ ಬರಿದಲ್ಲ. ಮುಂಗಾರಿನ ನಾಲ್ಕು ಹನಿ ಬಿದ್ದೊಡನೆ ಹಸಿರಾಗಿ, ದೀಪಾವಳಿಯ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗಿ, ಬೀಜವುದುರಿಸಿ ಒಣಗಿ ನಿಲ್ಲುವ ಹುಲ್ಲು ಬೇಸಗೆಯಲ್ಲಿ ಸತ್ತಂತೆ ಕಂಡರೂ ಬೇರಿನಲ್ಲಿ ಜೀವ ಹಿಡಿದಿರುತ್ತದೆ. ಆ ಬೀಜವನ್ನು ನಂಬಿ ನೆಲಗುಬ್ಬಿ, ಬುರಲಿಗಳು; ಅದರ ಬುಡದ ಇಲಿಯನ್ನು ನಂಬಿ ಹಾವು, ಗೂಬೆಗಳು; ಮೊಲವನ್ನು ನಂಬಿ ನರಿ, ತೋಳಗಳು. ಖಿಲಾರಿ ಎತ್ತಿನ ಕಸುವು, ಜತ್ತ ತಾಲೂಕಿನ ಮಾಡಗ್ಯಾಳದ ಹೆಸರನ್ನೇ ಹೊತ್ತ ಬಾಗುಮೂಗಿನ ಕುರಿಯ ಮೈಕಟ್ಟು ಎರಡೂ ಈ ಹುಲ್ಲಿನ ಕೊಡುಗೆಗಳೇ.

ಈ ಬಯಲಿಗೆ ದೂರದ ಅತಿಥಿಗಳೂ ಉಂಟು. ಹಿಂಗಾರಿ ಜೋಳ ಹಾಲುಗಾಳಾಗುವ ಹೊತ್ತಿಗೆ ಹಿಂಡುಹಿಂಡಾಗಿ ಎರಗುವ ಗುಲಾಬಿ ಮೈಯ ಹಕ್ಕಿಯನ್ನು, ನೆರೆಯ ಮರಾಠಿ ಬಂಧುಗಳು ಭೋರಡಿ ಎನ್ನುವುದನ್ನು, ಕವಣೆ ಹಿಡಿದು ಅಟ್ಟವೇರಿದ ನಮ್ಮ ಹಿರಿಯರೆಲ್ಲ ಬಲ್ಲರು. ಅದು ಗೂಡುಕಟ್ಟಿ ಮರಿಮಾಡುವುದು ಯುರೋಪಿನ ಮೂಡಣ ಭಾಗದಿಂದ ಮಧ್ಯ ಏಶಿಯಾದವರೆಗೆ ಹಬ್ಬಿದ ಹುಲ್ಲುಗಾವಲುಗಳಲ್ಲಿ. ಅಲ್ಲಿ ಅದರ ಆಹಾರ ಮಿಡತೆ. ಸೆಳೆವವೆಂಬ ಬೇಟೆಹಕ್ಕಿಯೂ ಅದೇ ದಿಕ್ಕಿನಿಂದ ಬರುತ್ತದೆ. ಮರವೇರದೆ, ಇಳಿಹೊತ್ತಿಗೆ ಹತ್ತಾರು ಒಟ್ಟುಗೂಡಿ ಎತ್ತರದ ಒಣಹುಲ್ಲಿನ ನಡುವೆ ನೆಲದ ಮೇಲೆಯೇ ರಾತ್ರಿ ಕಳೆಯುವುದು ಅದರ ಪದ್ಧತಿ. ಹುಲ್ಲಿಲ್ಲದಿದ್ದರೆ ಅದಕ್ಕೆ ತಂಗುದಾಣವಿಲ್ಲ.

ಈಗ ಈ ಸೀಮೆಗೆ ನೀರು ಬಂದಿದೆ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನೆತ್ತಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿಸಿ, ಕವಠೆ ಮಹಾಂಕಾಳ, ಜತ್ತಗಳತ್ತ ಕಾಲುವೆಯಲ್ಲಿ ಹರಿಸಲಾಗುತ್ತಿದೆ. ಇದನ್ನು ಹಳಿಯುವ ಕೃತಘ್ನತೆ ನಮ್ಮದಲ್ಲ. ದಸರೆ ಮುಗಿಯುತ್ತಲೇ ಕಬ್ಬು ಕಡಿಯಲು ಹೊರಟ ತಂದೆತಾಯಿಗಳ ಬೆನ್ನುಹತ್ತಿ ಶಾಲೆ ಬಿಡುವ ಮಕ್ಕಳನ್ನು ಕಂಡ ಯಾವ ಉಪಾಧ್ಯಾಯನೂ ನೀರು ಬೇಡವೆನ್ನಲಾರ. ದ್ರಾಕ್ಷಿ, ದಾಳಿಂಬೆ, ಕಬ್ಬುಗಳಿಂದ ನೆಲ ವರ್ಷವಿಡೀ ಹಸಿರಾಗಿದೆ. ಮನೆಗಳಿಗೆ ಸಿಮೆಂಟಿನ ಮಾಳಿಗೆ ಬಂದಿದೆ. ಆದರೆ ಈ ಹಸಿರಿನಲ್ಲಿ ನೆಲಗುಬ್ಬಿಗೆ ಬೀಜವಿಲ್ಲ, ಸೆಳೆವಕ್ಕೆ ಮಿಡತೆಯಿಲ್ಲ. ಯಂತ್ರ ನೆಲವನ್ನು ಸಮ ಮಾಡುವಾಗ ಬದು ಹೋಯಿತು. ಬದುವಿನೊಡನೆ ಬಾರಿ, ಕಾರಿ, ಬನ್ನಿ ಹೋದವು. ಕಳೆನಾಶಕ ಬಂದಮೇಲೆ ಹತ್ತರಕಿ, ಗೋಳಿಗಳು ಅಪರೂಪವಾದವು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಿ, ಹೊಲದಲ್ಲಿಯೇ ಕಿತ್ತ ಹತ್ತರಕಿಯನ್ನು ಸಜ್ಜೆಯ ರೊಟ್ಟಿಗೆ ಹಚ್ಚಿ ತಿಂದ ತಾಯಂದಿರು ಈ ನಷ್ಟವನ್ನು ನಮಗಿಂತ ಚೆನ್ನಾಗಿ ಬಲ್ಲರು. ನದಿಯ ಹತ್ತಿರದ ಕಬ್ಬಿನ ಸೀಮೆಯಲ್ಲಂತೂ ನೀರು ಅತಿಯಾಗಿ ಉಪ್ಪು ಮೇಲೆದ್ದು ಸವಳಾದ ಹೊಲಗಳು ಉಂಟು. ಅಲ್ಲಿ ಈಗ ಬಳ್ಳಾರಿ ಜಾಲಿಯ ರಾಜ್ಯ.

ಯುರೋಪು ಖಂಡ ಈ ಹಾದಿಯನ್ನು ನಮಗಿಂತ ಮುಂಚೆ ತುಳಿಯಿತು. ಆಂಗ್ಲರ ನಾಡಿನ ಬಯಲುಗಳಲ್ಲಿ ದೊಡ್ಡ ಬಸ್ಟರ್ಡ್ ಎಂಬ ಭಾರಿ ಹಕ್ಕಿಯಿತ್ತು. ಹುಲ್ಲುನೆಲ ಉತ್ತ ಹೊಲವಾಯಿತು, ಬೇಟೆಯೂ ಕೂಡಿತು. ೧೮೩೨ರ ತರುವಾಯ ಅದು ಅಲ್ಲಿ ಮರಿಮಾಡಲಿಲ್ಲ. ೨೦೦೪ರಿಂದ ರಶಿಯಾ, ಆಮೇಲೆ ಸ್ಪೇನ್ ದೇಶಗಳಿಂದ ತಂದು ಸಾಲ್ಸ್‌ಬರಿಯ ಬಯಲಿನಲ್ಲಿ ಅದನ್ನು ಮತ್ತೆ ನೆಲೆಗೊಳಿಸುತ್ತಿದ್ದಾರೆ. ಆ ಬಯಲಾದರೂ ಉಳಿದದ್ದೇಕೆ? ಸೈನ್ಯದ ಕವಾಯತಿಗಾಗಿ ಕಾದಿರಿಸಿದ್ದರಿಂದ ಅಲ್ಲಿ ನೇಗಿಲು ಹೂಡಲಿಲ್ಲ, ಅಷ್ಟೇ! ೧೯೮೦ರಿಂದೀಚೆಗೆ ಯುರೋಪಿನ ಹೊಲದ ಹಕ್ಕಿಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ. ಗೊಬ್ಬರ, ಔಷಧಿಗಳ ಅತಿಬಳಕೆಯೇ ಮುಖ್ಯ ಕಾರಣವೆಂದು ಅಲ್ಲಿಯ ವಿಜ್ಞಾನಿಗಳು ಹೇಳುತ್ತಾರೆ.

ಆ ಬಸ್ಟರ್ಡಿನ ದಾಯಾದಿಯೇ ನಮ್ಮ ಎರೆಭೂತ, ಮರಾಠಿಯ ಮಾಳಢೋಕ. ಒಂದು ಮೀಟರಿನ ಎತ್ತರ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ನೆರೆಯ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ೧೯೭೯ರಲ್ಲಿ ಅದಕ್ಕೆಂದೇ ಅಭಯಾರಣ್ಯ ಮಾಡಿದರು. ಇಂದು ಅಲ್ಲಿಯೂ ಅದರ ದರ್ಶನ ದುರ್ಲಭ. ಧಾರವಾಡ ಸೀಮೆಯ ರಾಣೆಬೆನ್ನೂರಿನದು ಇನ್ನೂ ವಿಚಿತ್ರ. ೧೯೭೪ರಲ್ಲಿ ಅಭಯಾರಣ್ಯವಾದ ಆ ಹುಲ್ಲುಬಯಲಿನ ಬಹುಭಾಗ ನೀಲಗಿರಿ ಗಿಡಗಳ ನೆಡುತೋಪು. ಕೃಷ್ಣಮೃಗಗಳು ಹೇಗೋ ಉಳಿದವು, ಎರೆಭೂತ ಕಾಣದಾಯಿತು. ಗಿಡ ನೆಟ್ಟೂ ನೆಲೆ ಕೆಡಿಸಬಹುದು ಎಂಬ ಮಾತು ವನಮಹೋತ್ಸವದ ದಿನ ಯಾರಿಗೂ ರುಚಿಸದು.

ಗಿಡಗಳನ್ನು ನಾವು ತೆಗಳುತ್ತಿಲ್ಲ. ಇದೇ ಜಿಲ್ಲೆಯ ಸಾಗರೇಶ್ವರದ ಬೋಳುಗುಡ್ಡವನ್ನು ಧೋಂಡಿರಾಮ ಮೋಹಿತೆಯವರು ಜನರನ್ನು ಕೂಡಿಸಿಕೊಂಡು ಕಾಡಾಗಿಸಿದರು, ೧೦.೮೭ ಚದರ ಕಿಲೋಮೀಟರಿನ ಆ ಕಾಡು ೧೯೮೫ರಲ್ಲಿ ಅಭಯಾರಣ್ಯವಾಯಿತು. ಮಿರಜ ತಾಲೂಕಿನ ಭೋಸೆಯಲ್ಲಿ, ಯಲ್ಲಮ್ಮನ ಗುಡಿಯ ಬಳಿ, ನಾನೂರು ವರ್ಷದ್ದೆಂದು ಹೇಳುವ ಆಲದ ಮರಕ್ಕೆ ಹೆದ್ದಾರಿಯಿಂದ ಕುತ್ತು ಬಂದಾಗ, ೨೦೨೦ರಲ್ಲಿ, ಜನರೆಲ್ಲ ಎದ್ದುನಿಂತು ರಸ್ತೆಯ ರೇಖೆಯನ್ನೇ ಸರಿಸಿದರು. ಆ ಮರ ೨೦೨೨ರಲ್ಲಿ ಉರುಳಿತೆಂಬುದು ದುಃಖದ ಮಾತು. ಆದರೆ ಮರಕ್ಕೆ ಅಷ್ಟು ಜನ ಬಂದರು. ಹುಲ್ಲನ್ನು ಅಪ್ಪಿ ನಿಲ್ಲುವುದು ಹೇಗೆ?

ಉಪಾಯವಿಲ್ಲದಿಲ್ಲ. ಊರೂರಿಗೆ ಇನ್ನೂ ಒಂದಿಷ್ಟು ಗಾಯರಾಣ ಉಳಿದಿದೆ. ಅದನ್ನು ಉಳದೆ, ಗಿಡ ನೆಡದೆ, ಮೇಯಿಸುವುದಕ್ಕೂ ಸರದಿ ಗೊತ್ತುಮಾಡಿ ಹುಲ್ಲಿಗೇ ಬಿಡುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಬಹುದು. ಕುರಿಯವರು ಮೊದಲು ಒಪ್ಪುತ್ತಾರೆಂದು ನಮ್ಮ ನಂಬಿಕೆ. ಎರಡನೆಯದು, ೨೦೦೨ರ ಜೀವವೈವಿಧ್ಯ ಕಾಯದೆಯ ಪ್ರಕಾರ ಪ್ರತಿ ಪಂಚಾಯತಿಯೂ ತನ್ನ ಎಲ್ಲೆಯ ಗಿಡಮೂಲಿಕೆ, ಪ್ರಾಣಿಪಕ್ಷಿಗಳ ನೋಂದಣಿ ವಹಿಯನ್ನು ಇಡಬೇಕು. ನಮ್ಮ ಕನ್ನಡ ಊರುಗಳ ವಹಿಯಲ್ಲಿ ಮರಾಠಿ ಹೆಸರಿನ ಪಕ್ಕದಲ್ಲಿ ಕನ್ನಡದ ಹೆಸರೂ ಇರಬೇಕಲ್ಲವೆ? ಅವನ್ನು ಬಲ್ಲವರು ಎಪ್ಪತ್ತು ದಾಟಿದ ಅಜ್ಜಿಯರು, ಕುರಿ ಕಾಯ್ದ ಮುದುಕರು. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲದಲ್ಲಿ ಕೂಡಿದಾಗ ಐದನೆಯ ಇಯತ್ತೆಯ ಮಗುವಿನ ಕೈಗೆ ಒಂದು ವಹಿ ಕೊಟ್ಟು ಅಜ್ಜಿಯ ಬಳಿ ಕೂರಿಸಿರಿ. ಊಟ ಮುಗಿಯುವುದರೊಳಗೆ ಇಪ್ಪತ್ತು ಹೆಸರಾದರೂ ಬರೆದುಕೊಂಡೀತು.