ಭದ್ರಾವತಿಯ ಎರಡು ಕಾರ್ಖಾನೆ, ವಿಧಾನಸಭೆಯ ಒಂದು ಕುರ್ಚಿ

ತುಂಗೆಯ ದಡದ ಶಿವಮೊಗ್ಗದಿಂದ ಭದ್ರೆಯ ದಡದ ಭದ್ರಾವತಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. 224 ಸದಸ್ಯರ ವಿಧಾನಸಭೆಗೆ ಈ ಎರಡು ಊರು ಮತ್ತು ಸುತ್ತಲಿನ ಹಳ್ಳಿಗಳು ಸೇರಿ ಮೂವರನ್ನು ಆರಿಸಿ ಕಳಿಸುತ್ತವೆ: ಶಿವಮೊಗ್ಗ, ಪರಿಶಿಷ್ಟ ಜಾತಿಗೆ ಮೀಸಲಾದ ಶಿವಮೊಗ್ಗ ಗ್ರಾಮಾಂತರ ಮತ್ತು ಭದ್ರಾವತಿ ಕ್ಷೇತ್ರಗಳಿಂದ. ಕಳಿಸಿದ ಮೇಲೆ ಅವರನ್ನು ನಾವು ಅಳೆಯುವುದು ರಸ್ತೆ, ಚರಂಡಿ, ಮದುವೆ ಮನೆಯ ಹಾಜರಿಯಿಂದ. ಭದ್ರಾವತಿಯಲ್ಲಿ 1994ರಿಂದ 2023ರವರೆಗಿನ ಏಳು ಚುನಾವಣೆಗಳಲ್ಲಿ ಗೆದ್ದವರು ಎಂ.ಜೆ. ಅಪ್ಪಾಜಿಗೌಡ ಮತ್ತು ಬಿ.ಕೆ. ಸಂಗಮೇಶ್ವರ, ಇಬ್ಬರೇ. ಪಕ್ಷಕ್ಕಿಂತ ವ್ಯಕ್ತಿಯ ಮೇಲಿನ ನಂಬಿಕೆ ಇಲ್ಲಿ ಅಷ್ಟು ಗಟ್ಟಿ. ಆದರೆ ಶಾಸಕರ ನಿಜವಾದ ಬಲ ಇರುವುದು ಊರಿನಲ್ಲಲ್ಲ, ಸದನದಲ್ಲಿ. ಇದಕ್ಕೆ ಭದ್ರಾವತಿಯ ಎರಡು ಕಾರ್ಖಾನೆಗಳೇ ಸಾಕ್ಷಿ.

ಉಕ್ಕಿನ ಕಾರ್ಖಾನೆ ವಿಶ್ವೇಶ್ವರಯ್ಯನವರ ಕಾಲದ ಮೈಸೂರು ಕಬ್ಬಿಣದ ಕಾರ್ಖಾನೆ. 1923ರಲ್ಲಿ ಉತ್ಪಾದನೆ ಶುರುವಾಯಿತು. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಆಮೇಲೆ ಅದರ ಲೆಕ್ಕ ಕೇಳುವ ಹಕ್ಕು ಸಂಸತ್ತಿನದು. ವಿಧಾನಸಭೆ ಹೆಚ್ಚೆಂದರೆ ನಿರ್ಣಯ ಮಾಡಿ ದೆಹಲಿಗೆ ಕಳಿಸಬಹುದು. 2023ರ ಆರಂಭದಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರ ಸಿಟ್ಟು ಸ್ಥಳೀಯ ಶಾಸಕರತ್ತಲೂ ತಿರುಗಿದ್ದರೆ ಅದು ಸಹಜ, ಆದರೆ ಬೀಗದ ಕೈ ಅವರ ಬಳಿ ಇರಲಿಲ್ಲ. ಕಾಗದ ಕಾರ್ಖಾನೆಯ ಕಥೆ ಹಾಗಲ್ಲ. 1936ರಲ್ಲಿ ಹುಟ್ಟಿದ ಮೈಸೂರು ಪೇಪರ್ ಮಿಲ್ಸ್, ಅಂದರೆ ಎಂಪಿಎಂ, ರಾಜ್ಯ ಸರ್ಕಾರದ ಕಂಪನಿ. ಅದರ ವಾರ್ಷಿಕ ವರದಿ ಸದನದ ಮುಂದೆ ಬರಬೇಕು, ಅದಕ್ಕೆ ಕೊಡುವ ಹಣ ಅನುದಾನದ ಬೇಡಿಕೆಯಾಗಿ ಸದನದ ಒಪ್ಪಿಗೆ ಪಡೆಯಬೇಕು, ಸಾರ್ವಜನಿಕ ಉದ್ದಿಮೆಗಳ ಸಮಿತಿ ಅದರ ಅಧಿಕಾರಿಗಳನ್ನು ಕರೆಸಿ ಪ್ರಶ್ನಿಸಬಹುದು. ಸುಮಾರು ಒಂದು ದಶಕದಿಂದ ಯಂತ್ರಗಳು ನಿಂತಿರುವ ಈ ಕಾರ್ಖಾನೆಯ ಬಗ್ಗೆ ಶಾಸಕರನ್ನು ಕೇಳುವ ಹಕ್ಕು ಅದರ ಕಾರ್ಮಿಕರ ಬಡಾವಣೆಯಾದ ಕಾಗದನಗರಕ್ಕೆ ಪೂರ್ತಿ ಇದೆ.

ಕೇಳುವ ದಾರಿಗಳಲ್ಲಿ ಅತ್ಯಂತ ಸರಳವಾದದ್ದು ಪ್ರಶ್ನೆ. ಸದನದ ಉತ್ತರದ ಹಾಳೆಯ ತಲೆಯ ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸಬೇಕಾದ ದಿನ, ಉತ್ತರಿಸುವ ಸಚಿವರ ಹೆಸರು ಇರುತ್ತದೆ. ಕೆಳಗೆ ಎರಡು ಅಂಕಣ, ಎಡಕ್ಕೆ ಅ, ಆ, ಇ ಎಂದು ಬಿಡಿಸಿದ ಪ್ರಶ್ನೆ, ಬಲಕ್ಕೆ ಉತ್ತರ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದುನಿಂತು ಉಪಪ್ರಶ್ನೆಗಳನ್ನೂ ಎದುರಿಸಬೇಕು. ಅಲ್ಲಿ ಕೊಟ್ಟ ಮಾತನ್ನು ಸರ್ಕಾರಿ ಭರವಸೆಗಳ ಸಮಿತಿ ಬೆನ್ನತ್ತುತ್ತದೆ. ವೇದಿಕೆಯ ಭಾಷಣದಲ್ಲಿ ಕೊಟ್ಟ ಮಾತಿಗೆ ಇಂಥ ಬೆನ್ನತ್ತುವವರಿಲ್ಲ. ಸದನದ ಬಾವಿಗಿಳಿದರೆ ಪತ್ರಿಕೆಯ ಮುಖಪುಟ ಸಿಗಬಹುದು, ಬೆಲೆಯನ್ನು ಮಾತ್ರ ಕ್ಷೇತ್ರ ತೆರಬೇಕಾಗುತ್ತದೆ. 2021ರ ಮಾರ್ಚ್‌ನಲ್ಲಿ ಸಂಗಮೇಶ್ವರ ಅವರು ಸದನದಲ್ಲಿ ಅಂಗಿ ಕಳಚಿ ಪ್ರತಿಭಟಿಸಿ 12ನೇ ತಾರೀಖಿನವರೆಗೆ ಅಮಾನತಾದರು. ಅವರ ಪ್ರತಿಭಟನೆ ನ್ಯಾಯವೋ ಅಲ್ಲವೋ ಬೇರೆ ಮಾತು. 8ರಂದು ಬಜೆಟ್ ಮಂಡನೆಯಾದಾಗ ಭದ್ರಾವತಿಯ ಕುರ್ಚಿ ಖಾಲಿಯಿತ್ತು.

ವಿರೋಧ ಪಕ್ಷದ ಒಬ್ಬ ಶಾಸಕ ಪ್ರಶ್ನೆ ಕೇಳಿ ಏನು ಸಾಧಿಸಿಯಾನು ಎಂಬ ಆಕ್ಷೇಪ ಹಗುರವಾದದ್ದಲ್ಲ. ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸ್ಥಾನಕ್ಕೇ ಕುತ್ತು. ಆದರೆ ಉತ್ತರ ಇದೇ ಜಿಲ್ಲೆಯಲ್ಲಿದೆ. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಬೆನ್ನಿಗೇ 1952ರಲ್ಲಿ ಗೆದ್ದ ಶಾಂತವೇರಿ ಗೋಪಾಲಗೌಡರು, ಮತ್ತೆ 1962 ಮತ್ತು 1967ರಲ್ಲೂ ಗೆದ್ದು, ಗೇಣಿದಾರರ ಪರವಾಗಿ ದನಿಯೆತ್ತಿದ್ದು ವಿರೋಧ ಪಕ್ಷದಲ್ಲಿ ಕೂತೇ. ಅವರು ತೀರಿಕೊಂಡದ್ದು 1972ರಲ್ಲಿ. ಉಳುವವನಿಗೆ ಭೂಮಿ ಕೊಟ್ಟ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ, ದೇವರಾಜ ಅರಸರ ಸರ್ಕಾರದಿಂದ. ಶ್ರೇಯಸ್ಸು ಅನೇಕರದು, ನಿಜ. ಆದರೂ ಮಸೂದೆ ಬರುವ ಮುಂಚೆ ಅದಕ್ಕೆ ಸದನದ ಕಿವಿಯನ್ನು ಹದಗೊಳಿಸಿದವರಲ್ಲಿ ಅವರೊಬ್ಬರು.

ಇನ್ನೊಂದು ಆಕ್ಷೇಪ, ಸದನವೇ ಸೇರದಿದ್ದರೆ ಕೇಳುವುದೆಲ್ಲಿ ಎಂಬುದು. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ಶಾಸಕಾಂಗವೇ ಕಾಯ್ದೆ ಮಾಡಿಕೊಂಡಿದೆ. ಅದನ್ನು ಮುಟ್ಟದ ವರ್ಷಗಳೇ ಹೆಚ್ಚು. ಕೊರತೆ ನಿಜವಾದದ್ದರಿಂದಲೇ ಸಿಕ್ಕ ದಿನಗಳ ಲೆಕ್ಕ ಇಡಬೇಕು. ಉತ್ತರದ ಹಾಳೆಗಳು ಕನ್ನಡದಲ್ಲೇ ಇರುತ್ತವೆ. ಎಂಪಿಎಂ ಬಗ್ಗೆ ಯಾವ ವರ್ಷ ಯಾರು ಏನು ಕೇಳಿದರು, ಯಾವ ಸಚಿವರು ಏನೆಂದರು ಎಂದು ಹುಡುಕಿ ಬರೆದಿಡುವ ಕೆಲಸವನ್ನು ಭದ್ರಾವತಿಯ ಕಾಲೇಜುಗಳ ರಾಜ್ಯಶಾಸ್ತ್ರ ವಿದ್ಯಾರ್ಥಿಗಳೇ ಮಾಡಬಹುದು, ಮುಂದಿನ ಚುನಾವಣೆಗೆ ಮುಂಚೆಯೇ.